ಸಿಂಗಪುರಕ್ಕೆ ಹೋದ ಕಾವಲಿ

ಮಾಂಬಲಂ

ನನ್ನ ಮೊದಲ ವಿದೇಶ ಪ್ರಯಾಣ ಶುರುವಾದದ್ದು ತಾಂಬರಂ ಕಡೆಗೆ ಹೋಗುವ ಎಲೆಕ್ಟ್ರಿಕ್ ರೈಲಿನಲ್ಲಿ. ಬೆಳಗಿನ ಹೊತ್ತು ಜನವೆಲ್ಲ ಕಚೇರಿಗಳಿರುವ ಬೀಚ್ ಕಡೆಗೆ ಹೋಗುತ್ತಾರೆ. ತಾಂಬರಂ ಕಡೆಯ ಗಾಡಿ ಖಾಲಿ. ಹೊಸ ಸೂಟ್‌ಕೇಸಿಗೆ ಒಂದು ಇಡೀ ಬೆಂಚು ಸಿಕ್ಕಿತು.

ನಾನು ಮದರಾಸಿನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಉಪಸಂಪಾದಕ. ಸಿಂಗಪುರದಲ್ಲಿ ಹೊಸ ಮುದ್ರಣ ಯಂತ್ರಗಳ ಪ್ರದರ್ಶನವಿತ್ತು. ಹತ್ತು ದಿನ ನೋಡಿ ವರದಿ ತರಲು ಪತ್ರಿಕೆ ಕಳಿಸಿತು. ಆ ವರದಿ ಅಚ್ಚಾಗಿದೆ. ಅದರಲ್ಲಿ ಸೇರದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾಂಬಲಂ ನಿಲ್ದಾಣಕ್ಕೆ ತಾಯಿ, ಹೆಂಡತಿ, ಮಗಳು ಬಂದಿದ್ದರು. ತಾಯಿ ಹುಳಿಯವಲಕ್ಕಿಯ ಡಬ್ಬಿ ಕೈಗಿತ್ತು, "ವಿಮಾನದಲ್ಲಿ ಕೊಟ್ಟದ್ದನ್ನೆಲ್ಲ ತಿನ್ನಬೇಡವೋ. ಕೇಳಿ ತಿನ್ನು," ಎಂದರು. ನಾವು ಮೂರು ತಲೆಮಾರಿನಿಂದ ಮದರಾಸಿನವರು. ಮನೆಯ ಕನ್ನಡ ತಾಯಿಯಲ್ಲಿ ಪೂರ್ತಿ ಉಳಿದಿದೆ, ನನ್ನಲ್ಲಿ ಮುಕ್ಕಾಲು. ಮಗಳಿಗೆ ಅರ್ಥವಾಗುತ್ತದೆ, ಆದರೆ ಉತ್ತರ ತಮಿಳಿನಲ್ಲಿ ಬರುತ್ತದೆ.

"ಏನು ತರಲೇ ನಿನಗೆ?" ಎಂದು ಕೇಳಿದೆ.

"ಅಪ್ಪಾ, ಅಂಗೆ ದೋಸೈ ಕಿಡೈಕ್ಕುಮಾ?" ಅಲ್ಲಿ ದೋಸೆ ಸಿಗುತ್ತದೆಯೇ ಎಂಬುದಷ್ಟೇ ಅವಳ ಚಿಂತೆ.

"ಇಲ್ಲಿಯವರೆಗೆ ಇಲ್ಲ. ನಾಳೆಯಿಂದ ಸಿಗುತ್ತದೆ," ಎಂದೆ. ಅದು ತಮಾಷೆಗೆ ಹೇಳಿದ ಮಾತಲ್ಲ. ದೋಸೆ ಮಾಡುವವರು ನನ್ನ ಜತೆಗೇ ಬರುವವರಿದ್ದರು.

ಅವರು ಐತಾಳರು. ಊರು ಸಾಲಿಗ್ರಾಮದ ಹತ್ತಿರ. ಮೈಲಾಪುರದ ಕೆರೆಯ ಪಕ್ಕದಲ್ಲಿ ಉಪಾಧ್ಯರ ಹೋಟೆಲಿದೆ. ಅಲ್ಲಿ ಹದಿನೆಂಟು ವರ್ಷ ದೋಸೆ, ಇಡ್ಲಿಗಳ ಒಲೆಯ ಮುಂದೆ ನಿಂತವರು. ಅಲ್ಲಿ ತಿಂದು ಹೋದ ಸಿಂಗಪುರದ ಪಾತ್ರೆ ವ್ಯಾಪಾರಿಯೊಬ್ಬರು ತಮ್ಮೂರಿನ ವಿಮಾನ ನಿಲ್ದಾಣದ ಉಪಾಹಾರ ಗೃಹಕ್ಕೆ ಅವರ ಹೆಸರು ಹೇಳಿದ್ದರು. ಅಲ್ಲಿಂದ ಇಂಗ್ಲಿಷಿನಲ್ಲಿ ಕಾಗದ ಬಂತು. ಅದನ್ನು ಐತಾಳರಿಗೆ ಓದಿ ಹೇಳಿದವನು ಆ ಹೋಟೆಲಿನ ಹಳೆಯ ಗಿರಾಕಿಯಾದ ನಾನು. ಉತ್ತರ ಬರೆದವನೂ ನಾನೇ. 'ಮದರಾಸ್ ಟಿಫಿನ್ ಮಾಡಬಲ್ಲ ಅನುಭವಸ್ಥ ಬೇಕು' ಎಂದು ಅವರು ಕೇಳಿದ್ದರು. 'ಶ್ರೀ ಐತಾಳರು ಹದಿನೆಂಟು ವರ್ಷಗಳಿಂದ ಟಿಫಿನ್ ಮಾಡುತ್ತಿದ್ದಾರೆ' ಎಂದು ನಾನು ಬರೆದೆ. ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸೈದಾಪೇಟೆಯಲ್ಲಿ ಐತಾಳರು ಹತ್ತಿದರು. ಕೈಯಲ್ಲಿ ಒಂದು ಟ್ರಂಕು, ಕಂಕುಳಲ್ಲಿ ಗೋಣಿಯಲ್ಲಿ ಸುತ್ತಿದ ದುಂಡನೆಯ ಭಾರದ ವಸ್ತು.

ಮೀನಂಬಾಕಂ

ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗಿಂತ ನೋಡಲು ಬಂದವರೇ ಹೆಚ್ಚು. ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳು ಬೇಲಿಯ ಬಳಿ ಕುಳಿತು ಪುಳಿಯೋಗರೆ ತಿನ್ನುತ್ತಿದ್ದವು. ಒಳಗಿನ ಉಪಾಹಾರ ಗೃಹದಲ್ಲಿ ಸಿಗುವುದು ಟೋಸ್ಟು, ಕಟ್ಲೆಟ್ಟು, ಪಿಂಗಾಣಿ ಕಪ್ಪಿನಲ್ಲಿ ತೆಳ್ಳನೆಯ ಕಾಫಿ. ಮದರಾಸಿನಲ್ಲಿ ಅತ್ಯಂತ ಕೆಟ್ಟ ಕಾಫಿ ಕುಡಿಯಬೇಕಾದರೆ ಮದರಾಸು ಬಿಟ್ಟು ಹೋಗುವವನಾಗಿರಬೇಕು ಎಂದು ಟಿಪ್ಪಣಿ ಮಾಡಿಕೊಂಡೆ.

ಸಾಮಾನು ತೂಗುವಲ್ಲಿ ಗುಮಾಸ್ತ ಗೋಣಿಯನ್ನು ತೋರಿಸಿ ಏನೆಂದು ಕೇಳಿದ.

"ದೋಸೈಕ್ಕಲ್ಲು," ಎಂದರು ಐತಾಳರು.

ನಾವು ಕಾವಲಿ ಎನ್ನುವುದಕ್ಕೆ ತಮಿಳರು ದೋಸೆಕಲ್ಲು ಎನ್ನುತ್ತಾರೆ. ಅದು ಕಬ್ಬಿಣವೆಂಬುದು ಗುಮಾಸ್ತನಿಗೂ ಗೊತ್ತು, ಅವನ ಮನೆಯಲ್ಲೂ ಒಂದಿರುತ್ತದೆ. ಆದರೂ ನಮೂನೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುವಾಗ 'ಅಡಿಗೆಯ ಕಲ್ಲು, ಒಂದು' ಎಂದೇ ಬರೆದ. ನನಗೆ ನಗು ಬಂತು. ಪದವನ್ನು ಹೀಗೆ ತಿರುಗಿಸುವವರನ್ನು ನಮ್ಮ ಕಚೇರಿಯಲ್ಲಿ ಒಂದು ವಾರವೂ ಇಟ್ಟುಕೊಳ್ಳುವುದಿಲ್ಲ ಎಂದುಕೊಂಡೆ.

ಬೆಂಚಿನ ಮೇಲೆ ಕುಳಿತಾಗ ಐತಾಳರು ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ನಿಮ್ಮ ಧಣಿಗಳು, ಉಪಾಧ್ಯರು, ಏನೆಂದರು ಹೊರಡುವಾಗ?" ಎಂದು ಕೇಳಿದೆ.

"ಎಂತ ಹೇಳುದು ಮಾರಾಯ್ರೆ. ಕಾಗದ ಬಂದ ದಿನ ಒಂದೇ ಮಾತು ಹೇಳಿದ್ರು. 'ಹೋಗುದಾದ್ರೆ ಹೋಗು. ಮತ್ತೆ ಈ ಒಲೆ ಎದುರು ನಿಲ್ಬೇಡ.' ಆಮೇಲೆ ತಿಂಗಳು ಮಾತೇ ಇಲ್ಲೆ. ಇವತ್ತು ಬೆಳಿಗ್ಗೆ ಹಿಂಬಾಗಿಲು ತೆಗೆದು ಕಾಣ್ತೆ, ನನ್ನ ಟ್ರಂಕಿನ ಮೇಲೆ ಈ ಕಾವಲಿ ಇಟ್ಟಿದ್ರು. ಗೋಣಿ ಸುತ್ತಿ, ಹುರಿ ಕಟ್ಟಿ."

"ಕೊಟ್ಟರಲ್ಲ. ಒಳ್ಳೆಯದೇ ಆಯಿತು."

"ಒಳ್ಳೆದಾ? ನಿನ್ನ ಕೈ ತಾಗಿದ್ದು ಎಂತದೂ ಇಲ್ಲಿ ಬೇಡ ಅಂತ ಅರ್ಥ ಅದು. ಮನೆ ಬಿಟ್ಟವನ ಚಾಪೆ ಹೊರಗೆ ಹಾಕುದಿಲ್ವಾ, ಹಾಗೆ." ಗೋಣಿಯನ್ನು ತೊಡೆಯ ಮೇಲೆ ಸರಿಪಡಿಸಿಕೊಂಡು, "ಆಯ್ತು, ಹಿಂದೆ ಕಾಂಬುದು ಬೇಡ. ಅಲ್ಲಿಯ ಒಲೆ ಉಂಟಲ್ಲ," ಎಂದರು.

ಕೊಲಂಬೊ

ಮೊದಲ ವಿಮಾನ ಸಣ್ಣದು. ಏರುವಾಗ ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮಿಂಟು ಕೊಟ್ಟರು. ಐತಾಳರು ಹತ್ತಿಯನ್ನು ಹೂಬತ್ತಿಯಂತೆ ಹೊಸೆದು ಜೇಬಿಗೆ ಹಾಕಿಕೊಂಡರು. ನಾನು ಸಸ್ಯಾಹಾರಿ ಎಂದು ತಿಳಿಸಿದ್ದಕ್ಕೆ ಒಂದು ತಟ್ಟೆ ಬಂತು: ಬೇಯಿಸಿದ ಕ್ಯಾರೆಟ್ಟು, ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಬಟಾಣಿ. ಉಪ್ಪು ಬೇರೆ ಪೊಟ್ಟಣದಲ್ಲಿ.

ಐತಾಳರು ತಟ್ಟೆಯನ್ನು ನೋಡಿ, "ಯಾರಿಗೆ ಜ್ವರ ಬಂದಿದ್ದು?" ಎಂದರು.

ತಾಯಿಯ ಡಬ್ಬಿ ತೆರೆದೆವು. ಹುಳಿಯವಲಕ್ಕಿಯ ಇಂಗಿನ ವಾಸನೆ ಮುಂದಿನ ಸಾಲಿನವರೆಗೆ ಹೋಯಿತು. ಗಗನಸಖಿ ಬಂದು, ಯಾವುದಾದರೂ ಔಷಧಿ ಚೆಲ್ಲಿದೆಯೇ ಎಂದು ವಿನಯವಾಗಿ ವಿಚಾರಿಸಿದಳು.

ಕೊಲಂಬೊದಲ್ಲಿ ದೊಡ್ಡ ವಿಮಾನಕ್ಕೆ ಬದಲಾಗಬೇಕು. ಅದರ ಎಂಜಿನ್ನಿನಲ್ಲಿ ಏನೋ ಪರೀಕ್ಷೆ ನಡೆದಿದೆ, ಸಂಜೆಗೆ ಹೊರಡುತ್ತದೆ ಎಂದರು. ಕಾಯುವ ಕೊಠಡಿಯಲ್ಲಿ ಸ್ಯಾಂಡ್‌ವಿಚ್ಚಿನ ಹೊರತು ಏನೂ ಇಲ್ಲ. ಆದರೆ ಸಾಮಾನು ಹೊರುವವರು ಒಬ್ಬೊಬ್ಬರಾಗಿ ಕಟ್ಟಡದ ಹಿಂದಕ್ಕೆ ಹೋಗಿ ಬಾಯಿ ಒರೆಸಿಕೊಳ್ಳುತ್ತ ಬರುತ್ತಿದ್ದರು. ಯಾವ ಊರಿನಲ್ಲೂ ಸರಿಯಾದ ಸುದ್ದಿ ಬೇಕಾದರೆ ಮುಂಬಾಗಿಲಿನಲ್ಲಿ ಕೇಳಬಾರದು. ನಾವೂ ಹಿಂದಕ್ಕೆ ಹೋದೆವು.

ತಗಡಿನ ಸೂರಿನ ಕೆಳಗೆ ಜಾಫ್ನಾದ ತಮಿಳನೊಬ್ಬ ಸಣ್ಣ ಬಾಣಲೆಗಳಲ್ಲಿ ಆಪ್ಪ ಮಾಡುತ್ತಿದ್ದ. ಹಿಟ್ಟು ಹಾಕಿ ಬಾಣಲೆಯನ್ನು ಒಂದು ಸುತ್ತು ತಿರುಗಿಸುತ್ತಾನೆ. ಅಂಚು ಕಾಗದದಂತೆ ಗರಿಗರಿ, ನಡುವೆ ಹತ್ತಿಯಂತೆ ಮೆತ್ತಗೆ. ನಾನು ಎರಡು ತಿಂದೆ. ಜತೆಗಿದ್ದ ಕೆಂಪು ಚಟ್ನಿಗೆ ಕೈ ಹಾಕುವಷ್ಟರಲ್ಲಿ ಐತಾಳರು ನನ್ನ ಮಣಿಕಟ್ಟು ಹಿಡಿದರು.

"ಬೇಡ. ಒಣಮೀನು ಉಂಟು ಅದರಲ್ಲಿ."

"ನಿಮಗೆ ಹೇಗೆ ಗೊತ್ತು?"

"ನಾನು ಕಡಲ ಕರೆಯಲ್ಲಿ ಹುಟ್ಟಿದವ. ತಿಂಬುದಿಲ್ಲ ಅಂದ ಮೇಲೆ ಮೂಗೂ ಇಲ್ವಾ?"

ಅವರು ತಿನ್ನದೆ ಬಾಣಲೆಯನ್ನೇ ನೋಡುತ್ತಿದ್ದರು. ಇಷ್ಟು ಚೆನ್ನಾಗಿ ಹುದುಗು ಬರಲು ಏನು ಹಾಕುತ್ತೀರಿ ಎಂದು ತಮಿಳಿನಲ್ಲಿ ಕೇಳಿದರು. ಆತ ತಲೆಯೆತ್ತದೆ, "ಕಳ್ಳು," ಎಂದ.

ಮದರಾಸಿನಲ್ಲಿ ಪಾನನಿರೋಧ ಬಂದು ವರ್ಷಗಳಾಗಿವೆ. ಅದನ್ನು ಸಮರ್ಥಿಸುವ ಸಂಪಾದಕೀಯಗಳ ಕರಡನ್ನು ನಾನೇ ತಿದ್ದಿದ್ದೇನೆ. ಊರು ಬಿಟ್ಟು ಅರ್ಧ ದಿನವಾಗಿರಲಿಲ್ಲ, ಎರಡು ಆಪ್ಪದಷ್ಟು ಕಳ್ಳು ಹೊಟ್ಟೆಗೆ ಹೋಗಿತ್ತು.

"ಕೇಳಿ ತಿನ್ನು ಅಂದಿದ್ರು ನಿಮ್ಮ ಅಮ್ಮ," ಎಂದರು ಐತಾಳರು.

"ಕೇಳಿದೆನಲ್ಲ."

"ತಿಂದು ಕೇಳಿದ್ದು ನೀವು."

ಮಾತು ಅಲ್ಲಿಗೇ ನಿಂತಿತು. ಮಾರನೆಯ ದಿನ ಅದು ನನಗೆ ಮತ್ತೆ ನೆನಪಾಗುವುದಿತ್ತು.

ಸಿಂಗಪುರ, ಗುರುವಾರ

ದೊಡ್ಡ ವಿಮಾನದಲ್ಲಿ ಕುಳಿತಲ್ಲೇ ನಿದ್ದೆ ಮಾಡಿ ಎದ್ದಾಗ ಕಿಟಕಿಯಲ್ಲಿ ಬೆಳಕು. ಬೆಳಗಿನ ತಟ್ಟೆಯಲ್ಲಿ ಬ್ರೆಡ್ಡು, ಬೆಣ್ಣೆ, ಪರಂಗಿ ಹಣ್ಣಿನ ಹೋಳು, ಒಂದು ಪುಟ್ಟ ಬಟ್ಟಲಿನಲ್ಲಿ ಕಿತ್ತಳೆಯ ಮಾರ್ಮಲೇಡ್. ಐತಾಳರು ಬೆರಳ ತುದಿಯಿಂದ ರುಚಿ ನೋಡಿದರು.

"ಕಿತ್ತಳೆ ಸಿಪ್ಪೆ ಗೊಜ್ಜು. ಪಾಪ, ಮೆಣಸು ಹಾಕುದು ಮರ್ತಿದ್ದಾರೆ."

ಸಿಂಗಪುರದ ಸುಂಕದ ಅಧಿಕಾರಿ ನಮೂನೆಯಲ್ಲಿ ಬರೆದಿದ್ದ ಕಲ್ಲನ್ನು ಹುಡುಕಿದ. ಗೋಣಿ ಬಿಚ್ಚಿಸಿದ, ಕಬ್ಬಿಣ ಕಂಡ, ಕಲ್ಲೆಲ್ಲಿ ಎಂದು ಕೇಳಿದ. ಇದೇ ಕಲ್ಲು ಎಂದು ನಾನು ಹೇಳಿದೆ. ಆತ ಕಾವಲಿಯನ್ನು ಬೆರಳಿನಿಂದ ತಟ್ಟಿ, ನನ್ನ ಮುಖ ನೋಡಿ, ಮುದ್ರೆ ಒತ್ತಿದ.

ಉಪಾಹಾರ ಗೃಹ ಮಹಡಿಯ ಮೇಲಿತ್ತು. ಅಗಲವಾದ ಗಾಜಿನ ಕಿಟಕಿಗಳ ಆಚೆ ವಿಮಾನಗಳು. ತಂಜಾವೂರಿನ ಕಡೆಯ ಮುತ್ತಯ್ಯ ಎಂಬ ಮಾಣಿ ನಮ್ಮನ್ನು ಕೂರಿಸಿ ಕಾಫಿ ತಂದ. ಸಿಂಗಪುರದಲ್ಲಿ ಕಾಫಿಯನ್ನು ಸಾಸರಿಗೆ ಸುರಿದು ಆರಿಸಿ ಕುಡಿಯುತ್ತಾರೆ. ನಮ್ಮ ಲೋಟ, ಡವರೆ ಬಟ್ಟಲುಗಳ ಕೆಲಸವನ್ನೇ ಇಲ್ಲಿ ಕಪ್ಪು, ಸಾಸರು ಮಾಡುತ್ತವೆ ಎಂದು ಸಂತೋಷವಾಯಿತು. ಬ್ರೆಡ್ಡಿನ ಮೇಲೆ ಹಸಿರುಮಿಶ್ರಿತ ಕಂದು ಬಣ್ಣದ ತೆಂಗಿನ ಪಾಕ ಸವರಿತ್ತು. ಈ ಸಲ ತಿನ್ನುವ ಮೊದಲೇ ಕೇಳಿದೆ. ಕಾಯಿಹಾಲು, ಸಕ್ಕರೆ, ಮೊಟ್ಟೆ ಎಂದ ಮುತ್ತಯ್ಯ. ಕಾಫಿ ಮಾತ್ರ ಕುಡಿದೆವು.

ಮ್ಯಾನೇಜರು ಬಂದರು. ಅರವತ್ತರ ಹತ್ತಿರದ, ಮೆಲುದನಿಯ ಮನುಷ್ಯ. ತಂದೆಯ ಕಡೆಯಿಂದ ಪೋರ್ಚುಗೀಸ್, ತಾಯಿಯ ಕಡೆಯಿಂದ ಮಲಾಯಾ ಎಂದು ಆಮೇಲೆ ತಿಳಿಯಿತು. ಐತಾಳರ ಕೈ ಕುಲುಕಿ, ಸರಿಯಾದ ಸಮಯಕ್ಕೆ ಬಂದಿರಿ, ಭಾನುವಾರದ ಟಿಫಿನ್ನಿಗೆ ಊರಿನ ಅರ್ಧ ಜನ ಇಲ್ಲಿಗೆ ಬರುತ್ತಾರೆ ಎಂದರು. ಅಚ್ಚಾದ ಪಟ್ಟಿಯನ್ನು ಮುಂದಿಟ್ಟರು. ನಾನು ಅದನ್ನು ಐತಾಳರಿಗಾಗಿ ಕನ್ನಡದಲ್ಲಿ ಓದತೊಡಗಿದೆ.

"ಭಾನುವಾರ, ಮದರಾಸ್ ಕರ‍್ರಿ ಟಿಫಿನ್, ಮಧ್ಯಾಹ್ನ ಹನ್ನೆರಡೂವರೆಯಿಂದ. ಅನ್ನ. ಕೋಳಿ..."

"ಟಿಫಿನಿಗೆ ಅನ್ನವಾ?" ಎಂದರು ಐತಾಳರು. ಕೋಳಿ ಅವರಿಗೆ ಕೇಳಿಸಲೇ ಇಲ್ಲ. ಅನ್ನವೇ ಅವರನ್ನು ತಡೆದಿತ್ತು. "ಅನ್ನ ಇದ್ದದ್ದು ಊಟ ಅಲ್ದಾ? ಅನ್ನ ಅಲ್ಲ ಅಂತಲೇ ಅದಕ್ಕೆ ಟಿಫಿನ್ ಹೇಳುದು."

ಪೂರ್ತಿ ಓದಿದೆ. ಕೋಳಿ ಸಾರು, ಕುರಿಯ ಸಾರು, ಸೀಗಡಿ ಹಾಕಿದ ಖಾರದ ಸಂಬಾಲು, ಹಪ್ಪಳ, ಬಾಳೆಹಣ್ಣಿನ ಹೋಳು. ಇಂಗ್ಲಿಷರ ಕಾಲದಿಂದ ಇಲ್ಲಿ ಟಿಫಿನ್ ಎಂದರೆ ಭಾನುವಾರ ಮಧ್ಯಾಹ್ನದ ಭಾರೀ ಊಟ. ನಮ್ಮಲ್ಲಿ ಟಿಫಿನ್ ಎಂದರೆ ಊಟವಲ್ಲದ್ದು. ಒಂದೇ ಪದ ಸಮುದ್ರದ ಎರಡು ದಡಗಳಲ್ಲಿ ಒಂದಕ್ಕೊಂದು ಬೆನ್ನು ಹಾಕಿ ನಿಂತಿತ್ತು.

ನಮ್ಮ ಮುಖ್ಯ ಉಪಸಂಪಾದಕರು ಹೊಸಬರಿಗೆ ಹೇಳುವ ಮೊದಲ ಮಾತು, ಅನುಮಾನ ಬಂದ ಪದವನ್ನು ನಿಘಂಟಿನಲ್ಲಿ ನೋಡು ಎಂದು. ಹದಿನೈದು ವರ್ಷ ಹಾಗೇ ಮಾಡಿದ್ದೆ. ಟಿಫಿನ್ ಎಂಬ ಪದದ ಮೇಲೆ ಮದರಾಸಿನವನಿಗೆ ಅನುಮಾನ ಬರುವುದಾದರೂ ಹೇಗೆ? ಮನೆಯಲ್ಲಿ ದಿನಕ್ಕೆರಡು ಸಲ ಆಡುವ ಪದ ಅದು.

ತಪ್ಪು ನನ್ನದು, ಕಾಗದವನ್ನು ಓದಿ ಉತ್ತರ ಬರೆದವನು ನಾನು ಎಂದು ಮ್ಯಾನೇಜರಿಗೆ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಮಾಂಸ ಮುಟ್ಟದವರಿಂದ ಈ ಕೆಲಸ ಆಗದು. ಸೋಮವಾರ ಕೊಲಂಬೊ ವಿಮಾನವಿದೆ, ನಾವೇ ಕಳಿಸಿಕೊಡುತ್ತೇವೆ. ಅಲ್ಲಿಯವರೆಗೆ ಅತಿಥಿಯಾಗಿರಲಿ ಎಂದರು. ನ್ಯಾಯವಾದ ಮಾತು. ಅದಕ್ಕೇ ಇನ್ನೂ ಕಷ್ಟವಾಯಿತು.

ಐತಾಳರಿಗೆ ಎಲ್ಲವನ್ನೂ ತಿಳಿಸಿ, "ನಾನು ಓದಿದ್ದು ತಪ್ಪಾಯಿತು," ಎಂದೆ.

"ನೀವು ಓದಿದ್ದು ಸಮ ಉಂಟು. ಅವ್ರು ಬರೆದದ್ದು ತಪ್ಪು," ಎಂದರು. ಆಮೇಲೆ ಗೋಣಿಯ ಹುರಿಯನ್ನು ಮತ್ತೆ ಬಿಗಿಯುತ್ತ, "ಸೋಮವಾರ ಕಳಿಸ್ತಾರೆ, ಸರಿ. ಎಲ್ಲಿಗೆ?" ಎಂದು ಕೇಳಿದರು.

ಮೈಲಾಪುರದ ಒಲೆಯ ಮುಂದೆ ನಿಲ್ಲಬೇಡ ಎಂದಿದ್ದರು ಧಣಿಗಳು. ಇಲ್ಲಿಯ ಒಲೆ ಐತಾಳರದ್ದಾಗಲಿಲ್ಲ.

ಸೆರಂಗೂನ್ ರಸ್ತೆ, ಶುಕ್ರವಾರ

ಆ ದಿನದ ಪ್ರದರ್ಶನ ಮುಗಿಸಿ ಮಧ್ಯಾಹ್ನ ಮ್ಯಾನೇಜರ ಬಳಿಗೆ ಹೋದೆ. ಕಳಿಸುವ ಮೊದಲು ಒಂದು ಬೆಳಿಗ್ಗೆ ಇವರಿಗೆ ಒಲೆ ಕೊಡಿ ಎಂದು ಕೇಳಿದೆ. ಯಾರಿಗಾಗಿ ಎಂದರು. ಯಾರು ತಿನ್ನುತ್ತಾರೋ ಅವರಿಗಾಗಿ ಎಂದೆ. ಸ್ವಲ್ಪ ಯೋಚಿಸಿ, ಶನಿವಾರ ಬೆಳಿಗ್ಗೆ, ಕಿಟಕಿಯ ಪಕ್ಕದ ಮೂಲೆಯ ಒಲೆ ಎಂದರು. ಅದರಲ್ಲಿ ಮೊಟ್ಟೆ, ಮಾಂಸ ಬೇಯಿಸುವುದಿಲ್ಲ, ಹಾಲು ಮಾತ್ರ ಕಾಯಿಸುತ್ತಾರೆ ಎಂದು ಮುತ್ತಯ್ಯ ತಿಳಿಸಿದ.

ಪಾತ್ರೆ ವ್ಯಾಪಾರಿಯ ಮನೆ ಸೆರಂಗೂನ್ ರಸ್ತೆಯಲ್ಲಿ. ಆ ರಸ್ತೆಯಲ್ಲಿ ನಡೆದರೆ ನಮ್ಮ ಕೊತ್ತವಾಲ್ ಚಾವಡಿ ಮಾರುಕಟ್ಟೆಯನ್ನು ತೊಳೆದು, ಅಗಲ ಮಾಡಿ ಇಟ್ಟಂತಿದೆ. ಉದ್ದಿನಬೇಳೆ ಸಿಕ್ಕಿತು, ಅಕ್ಕಿ ಸಿಕ್ಕಿತು, ಮೆಂತ್ಯ ಸಿಕ್ಕಿತು. ಕರಿಬೇವನ್ನು ಅಂಗಡಿಯವನು ತನ್ನ ಹಿತ್ತಿಲಿನಿಂದ ಕಿತ್ತುಕೊಟ್ಟ. ವ್ಯಾಪಾರಿಯ ಹೆಂಡತಿ ತಮ್ಮ ಒರಳುಕಲ್ಲನ್ನು ಬಿಟ್ಟುಕೊಟ್ಟು, ಗಂಡಸು ರುಬ್ಬುವುದನ್ನು ನೋಡಲು ನೆರೆಮನೆಯವರನ್ನೂ ಕರೆದರು. ಐತಾಳರು ಒಂದು ಕೈಯಲ್ಲಿ ಗುಂಡು ತಿರುಗಿಸುತ್ತ, ಇನ್ನೊಂದರಲ್ಲಿ ಹಿಟ್ಟು ನೂಕುತ್ತ, ಎರಡು ಗಂಟೆ ಮಾತಾಡಲಿಲ್ಲ.

ಕಡೆಗೆ ಆ ಹೆಂಗಸು, "ಅಣ್ಣಾ, ಇಲ್ಲಿ ಸೆಕೆ ಜಾಸ್ತಿ. ಹಿಟ್ಟು ಬೇಗ ಹುಳಿಯಾಗುತ್ತೆ. ನೋಡಿಕೊಳ್ಳಿ," ಎಂದು ತಮಿಳಿನಲ್ಲಿ ಎಚ್ಚರಿಸಿದರು.

"ಮದರಾಸಿಗಿಂತ ಸೆಕೆಯಾ ಅಮ್ಮಾ?" ಎಂದು ಐತಾಳರು ನಕ್ಕರು.

ಸಿಂಗಪುರ, ಶನಿವಾರ

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಅಡಿಗೆಮನೆಯಲ್ಲಿ ಗದ್ದಲ. ಹಿಂದಿನ ರಾತ್ರಿ ತಂದಿಟ್ಟ ಹಿಟ್ಟು ಉಕ್ಕಿ, ಪಾತ್ರೆಯ ಮುಚ್ಚಳ ಎತ್ತಿ, ಕೆಳಗಿನ ಹಲಗೆಯಲ್ಲಿ ಮಡಿಸಿಟ್ಟಿದ್ದ ಮೇಜಿನ ಬಟ್ಟೆಗಳ ಮೇಲೆ ಹರಿದಿತ್ತು. ಮುತ್ತಯ್ಯ ಬಟ್ಟೆಗಳನ್ನು ಬಕೆಟ್ಟಿಗೆ ಹಾಕುತ್ತಿದ್ದ. ಐತಾಳರ ಮುಖ ಮಾತ್ರ ಅರಳಿತ್ತು.

"ಕಾಣಿ! ಈ ಊರು ಮನುಷ್ಯರಿಗೆ ಹೇಗೋ ಗೊತ್ತಿಲ್ಲೆ, ಹಿಟ್ಟಿಗೆ ಭಾರೀ ಒಳ್ಳೆದು!"

ಮುಖ್ಯ ಅಡಿಗೆಯವನು ಹೈನಾನ್ ದ್ವೀಪದ ಚೀನೀಯ, ಬನಿಯನ್ ತೊಟ್ಟ ದಪ್ಪನೆಯ ಮನುಷ್ಯ. ತನ್ನ ಅಡಿಗೆಮನೆಗೆ ಹೊಸಬ ಬಂದದ್ದು ಅವನಿಗೆ ಹಿಡಿಸಿರಲಿಲ್ಲ. ಕೈ ಕಟ್ಟಿ ದೂರ ನಿಂತಿದ್ದ. ಐತಾಳರು ಗೋಣಿ ಬಿಚ್ಚಿ ಕಾವಲಿಯನ್ನು ಒಲೆಯ ಮೇಲಿಟ್ಟರು. ಕಪ್ಪು ಕನ್ನಡಿಯಂಥ ಕಾವಲಿ. ಅದನ್ನು ಕಂಡವನೇ ಅವನು ಹತ್ತಿರ ಬಂದ. ಬೆರಳಿನ ಹಿಂಬದಿಯಿಂದ ಅಂಚನ್ನು ಸವರಿದ. ಏನೋ ಕೇಳಿದ. ಮುತ್ತಯ್ಯನ ಮಲಾಯಿ ಭಾಷೆಯ ಮೂಲಕ ಅದು ತಮಿಳಾಗಿ ನಮ್ಮನ್ನು ತಲುಪಿತು: ಎಷ್ಟು ವರ್ಷದ್ದು?

"ಹದಿನೆಂಟು," ಎಂದರು ಐತಾಳರು.

ಅವನು ಒಳಗೆ ಹೋಗಿ ತನ್ನ ಬಾಣಲೆ ತಂದ. ಅದೂ ಅಷ್ಟೇ ಕಪ್ಪು, ಅಷ್ಟೇ ನುಣುಪು. ಎರಡೂ ಕೈಯ ಬೆರಳುಗಳನ್ನು ಎರಡು ಸಲ ಬಿಡಿಸಿ ತೋರಿಸಿ, ಮೇಲೆ ಎರಡು ಬೆರಳು ಸೇರಿಸಿದ. ಇಪ್ಪತ್ತೆರಡು. ಐತಾಳರು ತಮಗಿಂತ ಹಿರಿಯರ ಮುಂದೆ ಮಾಡುವಂತೆ ತಲೆ ಬಾಗಿಸಿದರು. ಆಮೇಲೆ ಅವರಿಬ್ಬರಿಗೂ ಮುತ್ತಯ್ಯನ ಅಗತ್ಯ ಬೀಳಲಿಲ್ಲ.

ಈರುಳ್ಳಿಯ ಹೋಳಿನಿಂದ ಎಣ್ಣೆ ಸವರಿ, ನೀರು ಚಿಮುಕಿಸಿ, ಮೊದಲ ಹಿಟ್ಟು ಹಾಕಿದರು. ಮೊದಲ ದೋಸೆ ಅಂಟುವುದು ಲೋಕಾರೂಢಿ. ಇದು ಅಂಟಲಿಲ್ಲ. ಎರಡನೆಯದು, ಮೂರನೆಯದು, ಯಾವುದೂ ಅಂಟಲಿಲ್ಲ. ವಾಸನೆ ಕಿಟಕಿಯಿಂದ ಕೆಳಗಿಳಿದಿರಬೇಕು. ಸಾಮಾನು ಹೊರುವ ತಮಿಳರು ಹಿಂದಿನ ಮೆಟ್ಟಿಲಿನಲ್ಲಿ ಕಾಣಿಸಿಕೊಂಡರು. ಅವರ ಹಿಂದೆ ಸುಂಕದ ಗುಮಾಸ್ತರು, ಅವರ ಹಿಂದೆ ಮಲಾಯಾದ ಇಬ್ಬರು ಮೆಕ್ಯಾನಿಕ್ಕುಗಳು. 'ಅಡಿಗೆಯ ಕಲ್ಲಿಗೆ' ಮುದ್ರೆ ಒತ್ತಿದ ಅಧಿಕಾರಿಯೂ ಬಂದು, ಕಲ್ಲನ್ನು ತೋರಿಸಿ ಪಕ್ಕದವನಿಗೆ ಏನೋ ವಿವರಿಸಿದ.

ಮ್ಯಾನೇಜರು ಮೇಜಿನಲ್ಲಿ ಕುಳಿತು ಚಾಕು, ಮುಳ್ಳುಚಮಚ ಹಿಡಿದರು. ಒಂದು ತುಣುಕು ತಿಂದು, ಚಟ್ನಿಯನ್ನು ಪಕ್ಕಕ್ಕೆ ಸರಿಸಿ, ಮಾರ್ಮಲೇಡ್ ತರಲು ಹೇಳಿದರು.

ಐತಾಳರು ಬಾಗಿಲ ಸಂದಿಯಿಂದ ನೋಡಿ, "ಸಿಪ್ಪೆ ಗೊಜ್ಜು! ದೋಸೆಗೆ!" ಎಂದು ಕಣ್ಣು ಮುಚ್ಚಿದರು.

ಆದರೂ ಮ್ಯಾನೇಜರು ಮೆಚ್ಚುಗೆಯಿಂದ ತಲೆಯಾಡಿಸಿದರು. ತಿನಿಸು ಚೆನ್ನಾಗಿದೆ, ಒಪ್ಪಿದೆ. ಆದರೆ ಭಾನುವಾರದ ಕೆಲಸಕ್ಕೆ ಬೇರೆಯವರು ಬೇಕೇ ಬೇಕು, ಬೆಳಗಿನ ಕೆಲಸಕ್ಕೆ ಮುಖ್ಯ ಅಡಿಗೆಯವನಿದ್ದಾನೆ ಎಂದರು. ಆಗ ಆ ಹೈನಾನಿನವನು ಅಡಿಗೆಮನೆಯಿಂದ ಹೊರಗೆ ಬಂದು ಮಲಾಯಿಯಲ್ಲಿ ಮಾತಾಡತೊಡಗಿದ. ಬಹಳ ಹೊತ್ತು ಮಾತಾಡಿದ. ಮುತ್ತಯ್ಯ ನನ್ನ ಕಿವಿಯಲ್ಲಿ ಸಾರಾಂಶ ಹೇಳಿದ.

"ಸಾರ್, ಬೆಳಗಿನ ಪಾಳಿಗೆ ಒಬ್ಬ ಜವಾಬ್ದಾರಿಯ ಆಳು ಇರಬೇಕು ಅಂತ ಇಲ್ಲಿ ರೂಲು. ಹನ್ನೊಂದು ವರ್ಷದಿಂದ ಇವನೇ ಕೋಳಿ ಕೂಗೋ ಮೊದಲು ಎದ್ದು ಬರ್ತಾನೆ. ಮೊಟ್ಟೆ ಒಡೆಯೋಕೆ ಅಸಿಸ್ಟೆಂಟ್ ಸಾಕಂತೆ. ಈ ಅಯ್ಯರು ಒಲೆ ಹಚ್ಚಲಿ, ಭಾನುವಾರದ ಕರ‍್ರಿ ನಾನೇ ಮಾಡ್ತೀನಿ, ಹೇಗೂ ಇಷ್ಟು ದಿನ ನಾನೇ ಮಾಡಿದ್ದು ಅಂತಾನೆ. ನನಗೆ ನಿದ್ದೆ ಬೇಕು ಅಂತಾನೆ ಸಾರ್."

ಮ್ಯಾನೇಜರು ನಕ್ಕದ್ದನ್ನು ಅಂದು ಮೊದಲ ಸಲ ನೋಡಿದೆ. ಒಂದು ತಿಂಗಳು ನೋಡೋಣ ಎಂದರು. ಪಟ್ಟಿಯಲ್ಲಿ ಟಿಫಿನ್ ಎಂದು ಮಾತ್ರ ಹಾಕಲಾಗದು, ಅದು ಭಾನುವಾರದ್ದು ಎಂದೂ ಸೇರಿಸಿದರು. 'ಬೆಳಗಿನ ಮದರಾಸು ದೋಸೆ' ಎಂದು ಬರೆದುಕೊಟ್ಟೆ. ಪ್ರತಿಯೊಂದು ಪದಕ್ಕೂ ಇಲ್ಲಿ ಏನರ್ಥ ಎಂದು ಅವರನ್ನು ಕೇಳಿ ಬರೆದೆ. ಬೆಳಗು, ಮದರಾಸು ಎಂಬುವನ್ನೂ ಬಿಡಲಿಲ್ಲ.

ಸಿಂಗಪುರ, ಮರಳುವ ಬೆಳಿಗ್ಗೆ

ಹತ್ತನೆಯ ದಿನ ವಿಮಾನಕ್ಕೆ ಮೊದಲು ಮಹಡಿ ಹತ್ತಿದೆ. ಯಾಂತ್ರಿಕವಾಗಿ ಟಿಫಿನ್ ಎಂದುಬಿಟ್ಟೆ. ಮುತ್ತಯ್ಯ ಪೆನ್ಸಿಲ್ ಕಿವಿಯಿಂದ ತೆಗೆದು ಗಂಭೀರವಾಗಿ ಕೇಳಿದ:

"ಯಾವುದು ಸಾರ್? ಸಂಡೆ ಟಿಫಿನಾ, ಅಯ್ಯರ್ ಟಿಫಿನಾ?"

ಪಟ್ಟಿಯಲ್ಲಿ ನಾನು ಬರೆದದ್ದನ್ನು ಯಾರೂ ಹೇಳುತ್ತಿರಲಿಲ್ಲ.

"ಅಯ್ಯರ್ ಅಲ್ಲ, ಐತಾಳ ಅಂತ ದಿನಾ ಹೇಳ್ತೆ. ಯಾರು ಕೇಳ್ತಾರೆ?" ಎಂದರು ಐತಾಳರು, ಒಲೆಯ ಬಳಿಯಿಂದಲೇ. ಸಿಡುಕಿದ್ದು ಬಾಯಿ ಮಾತ್ರ. ಮುಖ್ಯ ಅಡಿಗೆಯವನು ಇನ್ನೂ ಬಂದಿರಲಿಲ್ಲ. ಮಲಗಿದ್ದಾನೆ ಎಂದು ತಿಳಿಯಿತು.

ಹೊರಡುವಾಗ ಐತಾಳರು ಬಾಳೆಲೆಯಲ್ಲಿ ಕಟ್ಟಿದ ಪೊಟ್ಟಣ ಕೊಟ್ಟರು. "ವಿಮಾನದಲ್ಲಿ ಜ್ವರದ ಊಟ ಕೊಡ್ತಾರಲ್ಲ, ಅದಕ್ಕೆ." ಒಲೆಯ ಕಡೆ ತಿರುಗಿ, "ಮೈಲಾಪುರಕ್ಕೆ ಹೋದರೆ ಧಣಿಗಳಿಗೆ ಎಂತದೂ ಹೇಳುದು ಬೇಡ. ಅವ್ರೇ ಕೇಳಿದ್ರೆ ಹೇಳಿ. ಕೇಳುದಿಲ್ಲ ಅವ್ರು," ಎಂದರು.

ಮೈಲಾಪುರ

ಮನೆ ಸೇರಿದ ಎರಡನೆಯ ದಿನ ಉಪಾಧ್ಯರ ಹೋಟೆಲಿಗೆ ಹೋದೆ. ಕುಳಿತೊಡನೆ ಮಾಣಿ ಬಂದು ಕೇಳಿದ:

"ಸಾರ್, ಟಿಫಿನಾ, ಸಾಪ್ಪಾಡಾ?"

ಟಿಫಿನ್ನೋ ಊಟವೋ. ಮದರಾಸಿನ ಪ್ರತಿಯೊಂದು ಹೋಟೆಲಿನ ಮೊದಲ ಪ್ರಶ್ನೆ. ಆ ಇಂಗ್ಲಿಷ್ ಕಾಗದ ಬಂದ ದಿನವೂ ನಾನು ಇದೇ ಮೇಜಿನಲ್ಲಿ ಕುಳಿತು, ಇದೇ ಪ್ರಶ್ನೆಗೆ ಉತ್ತರ ಕೊಟ್ಟು, ಆಮೇಲೆ ಅದನ್ನು ಓದಿದ್ದೆ. ಆ ಪ್ರಶ್ನೆಯನ್ನು ಕಾಗದ ಬರೆದವರಿಗೆ ಹಾಕಬೇಕೆಂದು ತೋಚಿರಲಿಲ್ಲ.

ದೋಸೆ ಬಂತು. ಎರಡು ತುಂಡಾಗಿ, ನಡುವೆ ಕಿತ್ತು ಬಂದಿತ್ತು. ಹೊಸ ಕಾವಲಿ. ಉಪಾಧ್ಯರು ಗಲ್ಲಾಪೆಟ್ಟಿಗೆ ಬಿಟ್ಟು ಬಂದು ನನ್ನೆದುರು ಕುಳಿತರು. ಮೊದಲು ಮಳೆಯ ಮಾತಾಡಿದರು, ಬೇಳೆಯ ಮಾತಾಡಿದರು. ಆಮೇಲೆ ಮೇಜು ಒರೆಸುತ್ತ, "ಹೇಗಿದ್ದ ಅವ?" ಎಂದರು.

"ಚೆನ್ನಾಗಿದ್ದಾರೆ. ಬೆಳಗಿನ ಒಲೆ ಅವರದ್ದೇ." ಟಿಫಿನ್ನಿನ ಕತೆಯನ್ನು ಇದ್ದದ್ದು ಇದ್ದಂತೆ ಹೇಳಿದೆ. ನನ್ನ ತಪ್ಪನ್ನೂ ಬಿಡಲಿಲ್ಲ. ಅವರು ನಗಲಿಲ್ಲ.

"ಕಾವಲಿ ಅಂಟಿತಾ?"

"ಇಲ್ಲ. ಮೊದಲನೆಯದೂ ಅಂಟಲಿಲ್ಲ."

ಅವರು ಒರೆಸಿದ ಮೇಜನ್ನೇ ಮತ್ತೆ ಒರೆಸಿದರು. ಕಡೆಗೆ ನಾನೇ ಕೇಳಿದೆ. "ಮತ್ತೆ ಬರಬೇಡ ಅಂತ ಕಾವಲಿಯನ್ನೂ ಹೊರಗೆ ಹಾಕಿದಿರಂತೆ?"

"ಹಾಗೆ ಹೇಳಿದ್ನಾ?" ಉಪಾಧ್ಯರ ಸ್ವರ ಏರಿತು. "ಮಂಡೆ ಸಮ ಇಲ್ಲೆ ಅವನಿಗೆ! ಪರವೂರಲ್ಲಿ ಹೊಸ ಕಾವಲಿ ಹಿಡಿದು ನಿಂತು, ಮೊದಲ ದಿನವೇ ಅಂಟಿದ್ರೆ ಅವನ ಮರ್ಯಾದೆ ಎಂತ ಆಪ್ಪುದು? ಹದಿನೆಂಟು ವರ್ಷ ಅವನೇ ಪಳಗಿಸಿದ್ದು. ಬೇರೆಯವ್ರ ಕೈಗೆ ಅದು ಬರೀ ಕಬ್ಬಿಣ."

"ಇದನ್ನು ಅವರಿಗೆ ಬರೆಯಲೇ?"

"ಎಂತದೂ ಬೇಡ." ಎದ್ದು ಎರಡು ಹೆಜ್ಜೆ ಹೋಗಿ ತಿರುಗಿ ಬಂದರು. "ಬರೆಯುದಾದ್ರೆ ಇಷ್ಟು ಬರೆಯಿನಿ. ಅಲ್ಲಿ ಮಳೆ ಜಾಸ್ತಿ ಅಂತ ಹೇಳ್ತಾರೆ. ಕೆಲಸ ಆದ ಮೇಲೆ ಕಾವಲಿ ತೊಳೆದು ಇಡೂಕಾಗ. ಎಣ್ಣೆ ಸವರಿ ಇಡೂಕೆ ಹೇಳಿ. ತುಕ್ಕು ಬಂದ್ರೆ ಮತ್ತೆ ಆಪ್ಪುದಲ್ಲ."

"ಅಷ್ಟೇ ಸಾಕೇ?"

"ಅಷ್ಟು ಸಾಕು. ಅವನಿಗೆ ಗೊತ್ತಾತ್ತ್." ಆಮೇಲೆ ನನ್ನ ತಟ್ಟೆಯ ಹರಿದ ದೋಸೆಯನ್ನು ನೋಡಿ, ಒಳಗೆ ಕೂಗಿದರು. "ಹ್ವಾಯ್, ಇವ್ರಿಗೆ ಇಡ್ಲಿ ತನ್ನಿ!"

ಕಾಗದವನ್ನು ಅಲ್ಲೇ, ಕನ್ನಡದಲ್ಲಿ ಬರೆದೆ. ಮಳೆ, ಎಣ್ಣೆ, ತುಕ್ಕು. ಅವರಿಗೆ ಓದಿ ಹೇಳಿದೆ, ಇನ್ನೊಮ್ಮೆ ಓದಿ ಹೇಳಿದೆ. ತಲೆಯಾಡಿಸಿದರು. ಕೆಳಗೆ ನನ್ನದೊಂದು ವಾಕ್ಯ ಸೇರಿಸಿ ಅರ್ಥ ಬಿಡಿಸಬೇಕೆನಿಸಿತು. ಸೇರಿಸದೆ ಲಕೋಟೆ ಅಂಟಿಸಿದೆ.